ಗಾಜಿನ ಒಡಲಲ್ಲಿ ಒಂದು ಬೇಸಿಗೆ

ಗೋವಾದ ಕ್ಯಾಂಡೋಲಿಮ್‌ನ ಒಂದು ಮ್ಯೂಸಿಯಂನಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡವು ಗರಾಫಾಂವ್‌ಗಳು. ಗೋವಾದವರು ತಮ್ಮ ಗೇರುಹಣ್ಣಿನ ಮದ್ಯವಾದ ಫೆನ್ನಿ ತುಂಬಿಡುವ ದೊಡ್ಡ ಗಾಜಿನ ಪಾತ್ರೆಗೆ ಆ ಹೆಸರು. ಕಿರಿದಾದ ಕುತ್ತಿಗೆ, ದುಂಡಗಿನ ಒಡಲು, ತಿಳಿ ಹಸಿರು ಮೈ. ಹಳೆಯವೆಲ್ಲ ಬಾಯಲ್ಲಿ ಊದಿ ಮಾಡಿದ ಗಾಜು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಒಂದು ಎಡಕ್ಕೆ ತುಸು ವಾಲಿದ್ದರೆ ಇನ್ನೊಂದರ ಹೆಗಲು ಇಳಿದಿದೆ. ಮತ್ತೊಂದರೊಳಗೆ ಊದಿದವನ ಉಸಿರು ಸಣ್ಣ ಗುಳ್ಳೆಯಾಗಿ ಸಿಕ್ಕಿಕೊಂಡು ಹಾಗೇ ಉಳಿದಿದೆ. ದೀಪದ ಬೆಳಕು ಗಾಜನ್ನು ಹಾದು ಬರುವಾಗ ಒಳಗೆ ಏನಾದರೂ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ, ಫೆನ್ನಿ ಅಷ್ಟು ತಿಳಿ. ಪಾತ್ರೆಯನ್ನು ಸ್ವಲ್ಪ ಅಲುಗಿಸಿದರೆ ಮಾತ್ರ ಒಂದು ಗೆರೆ ಓಡಿ, ಅಲ್ಲಿ ದ್ರವವಿದೆ ಎಂದು ಹೇಳುತ್ತದೆ.

ಮ್ಯೂಸಿಯಂನ ಹೆಸರು ‘ಆಲ್ ಅಬೌಟ್ ಆಲ್ಕೋಹಾಲ್’. ಗೋವಾದ ಉದ್ಯಮಿ, ಹಳೆಯ ವಸ್ತುಗಳ ಸಂಗ್ರಾಹಕ ನಂದನ್ ಕುಡ್ಚಡ್ಕರ್ 2021ರಲ್ಲಿ ಇದನ್ನು ತೆರೆದರು. ಹೆಸರು ಮದ್ಯಲೋಕಕ್ಕೆಲ್ಲ ಸಲ್ಲುವಂತಿದ್ದರೂ ಅದರ ಜೀವ ಇರುವುದು ಫೆನ್ನಿಯಲ್ಲಿ. ಹಳೆಯ ಮಡಕೆಗಳು, ಅಳತೆಯ ಸಾಧನಗಳು, ಬಾಟಲಿಗಳು, ದೂರದ ದೇಶಗಳಿಂದ ಬಂದ ಲೋಟಗಳು ಎಲ್ಲವೂ ಇವೆ. ಹರಳುಗಾಜಿನ ಲೋಟಗಳ ಸಾಲು ಚೆಂದವೇ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಮಸಿ ಹಿಡಿದ ಮಣ್ಣಿನ ಪಾತ್ರೆಗಳತ್ತ. ಹರಳುಗಾಜನ್ನು ಯಾವ ಊರಲ್ಲಾದರೂ ನೋಡಬಹುದು. ಈ ಮಡಕೆಗಳ ಮೈಮೇಲೆ ಒಂದು ಗುಡ್ಡದ ಬೇಸಿಗೆಗಳೆಲ್ಲ ಕೂತಿವೆ.

ನಾನಿರುವುದು ಪುಣೆ ಜಿಲ್ಲೆಯ ಭೋರಿನಲ್ಲಿ. ಪಂತ ಸಚಿವರ ಸಂಸ್ಥಾನವಾಗಿದ್ದ ಊರು. ಅವರ ರಾಜವಾಡೆಯ ಮರದ ಕಂಬಗಳನ್ನು ಹಲವು ಸಿನಿಮಾಗಳಲ್ಲಿ ನೀವೂ ನೋಡಿರಬಹುದು. ಸುತ್ತ ನೀರಾ ನದಿಯ ನೀರು, ಭಾಟ್‌ಘರ್ ಅಣೆಕಟ್ಟು, ಮಳೆಗಾಲದಲ್ಲಿ ಭತ್ತದ ಗದ್ದೆಗಳು. ಇಲ್ಲಿಂದ ಗೋವಾಕ್ಕೆ ಹೋಗಲು ಬೆಂಗಳೂರು ಹೆದ್ದಾರಿ ಹಿಡಿಯುವವರೇ ಹೆಚ್ಚು. ಹೊತ್ತಿದ್ದರೆ ವರಂಧಾ ಘಾಟಿ ಇಳಿದು ಮಹಾಡಿಗೆ ಹೋಗಿ, ಕೊಂಕಣದ ಉದ್ದಕ್ಕೂ ದಕ್ಷಿಣಕ್ಕೆ ಸಾಗುವ ದಾರಿ ಹಿಡಿಯಬೇಕು. ಫೆನ್ನಿಯನ್ನು ನೋಡಲು ಹೋಗುವವರಿಗೆ ಅದೇ ಸರಿಯಾದ ದಾರಿ. ನೀರಾ ದೇವಘರ್ ಜಲಾಶಯದ ಅಂಚು ಬಳಸಿ ಘಟ್ಟದ ಬಾಯಿಗೆ ಬಂದಾಗ ಗಾಳಿ ಇನ್ನೂ ಒಣಗಿರುತ್ತದೆ. ತಿರುವುಗಳನ್ನು ಇಳಿಯುತ್ತ ಹೋದಂತೆ ಅದು ತೇವವಾಗಿ ಮೈಗಂಟುತ್ತದೆ. ಚಿಪಳೂಣ ದಾಟಿ, ರತ್ನಾಗಿರಿಯ ಸೀಮೆ ದಾಟಿ, ಸಿಂಧುದುರ್ಗದ ಜಂಬಿಟ್ಟಿಗೆ ನೆಲ ಶುರುವಾಗುವ ಹೊತ್ತಿಗೆ ಏಪ್ರಿಲ್ ತಿಂಗಳಾದರೆ ಕಾರಿನ ಕಿಟಕಿಯಿಂದ ಆ ವಾಸನೆ ಒಳಗೆ ಬರುತ್ತದೆ.

ಕರಾವಳಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಾಸರಗೋಡು, ಕುಮಟಾ, ಕಾರವಾರ, ಎಲ್ಲಿಯವರಾದರೂ ಸರಿ, ಬಿಸಿಲಿಗೆ ಬಿದ್ದ ಗೇರುಹಣ್ಣು ಒಂದೆರಡು ದಿನಕ್ಕೆ ಬಿಡುವ ವಾಸನೆ ಮೂಗಿನೊಳಗೆ ಮನೆ ಮಾಡಿಕೊಂಡಿರುತ್ತದೆ. ಅದರಲ್ಲಿ ಸಿಹಿ ಇದೆ, ಹುಳಿ ಇದೆ, ಸ್ವಲ್ಪ ಚರ್ಮದ ವಾಸನೆಯೂ ಇದೆ, ಕೊನೆಗೆ ಗಂಟಲಿನ ಬುಡಕ್ಕೆ ತಾಗುವ ಒಗರು. ಶಾಲೆಗೆ ರಜೆ ಬಂದ ದಿನಗಳಲ್ಲಿ ಹಣ್ಣು ಕಚ್ಚಿ ಅಂಗಿಯ ಮೇಲೆ ಕಲೆ ಮಾಡಿಕೊಳ್ಳದೆ ಬೆಳೆದವರು ಆ ಸೀಮೆಯಲ್ಲಿ ವಿರಳ. ಕಲೆ ಒಗೆದರೂ ಹೋಗುವುದಿಲ್ಲ. ವಾಸನೆಯದೂ ಅದೇ ಹಟ, ಮತ್ತು ಫೆನ್ನಿ ಎಂಬುದು ಆ ಹಟವನ್ನು ಅಪ್ಪಿಕೊಂಡ ಕಲೆ.

ಬ್ರೆಜಿಲಿನ ಈ ಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ತೀರಕ್ಕೆ ತಂದರು. ಗೋವಾದಲ್ಲಿ ಭಟ್ಟಿ ಇಳಿಸುವ ಕೈಗಳಿಗೆ ಅದಕ್ಕೂ ಮೊದಲೇ ತೆಂಗಿನ ಕಳ್ಳು ಗೊತ್ತಿತ್ತು. ಹೊಸ ಹಣ್ಣನ್ನು ಆ ಕೈಗಳು ತಮ್ಮದಾಗಿಸಿಕೊಂಡ ಬಗೆ ನನಗೆ ಸೋಜಿಗವೆನಿಸುತ್ತದೆ. ಮರದಿಂದ ಹಣ್ಣನ್ನು ಕೀಳುವಂತಿಲ್ಲ, ಪೂರ್ತಿ ಮಾಗಿ ತಾನಾಗಿ ನೆಲಕ್ಕೆ ಬಿದ್ದದ್ದನ್ನೇ ಆಯಬೇಕು. ಮಾಗದ ಹಣ್ಣಿನಲ್ಲಿ ಒಗರು ಹೆಚ್ಚು, ಸಕ್ಕರೆ ಕಡಿಮೆ. ಬೆಳಗ್ಗೆ ಬಿಸಿಲೇರುವ ಮೊದಲೇ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ಬೀಜ ತಿರುಚಿ ಬೇರೆ ಮಾಡಿ, ಹಣ್ಣನ್ನು ಕೊಳಂಬಿಗೆ ಸುರಿಯುತ್ತಾರೆ. ಕೊಳಂಬಿ ಅಂದರೆ ಇಳಿಜಾರಿನ ಬಂಡೆಯಲ್ಲೇ ಕಡೆದ ತೊಟ್ಟಿ. ಅದರೊಳಗೆ ನಿಂತು ಕಾಲಲ್ಲಿ ತುಳಿದರೆ ರಸ ತಾನೇ ಹರಿದು ಕೆಳಗಿಟ್ಟ ಪಾತ್ರೆಗೆ ಬೀಳುತ್ತದೆ. ತುಳಿದು ಉಳಿದ ತಿರುಳನ್ನು ಗುಪ್ಪೆ ಮಾಡಿ, ಕಾಡುಬಳ್ಳಿಯಿಂದ ಸುತ್ತಿ, ಮೇಲೊಂದು ಕಲ್ಲು ಹೇರಿ ಬಿಡುತ್ತಾರೆ. ರಾತ್ರಿಯಿಡೀ ಅದರಿಂದ ತೊಟ್ಟು ತೊಟ್ಟಾಗಿ ಇಳಿಯುವ ರಸ ನೀರೊ. ಹುದುಗುವ ಮೊದಲು ಕುಡಿದರೆ ಅದರಷ್ಟು ಹಗುರವಾದ ಪಾನೀಯ ನಾನು ಬೇರೆ ಕಂಡಿಲ್ಲ. ತುಳಿದ ರಸದ ಬಿರುಸು ಅದರಲ್ಲಿಲ್ಲ. ಭಾರಕ್ಕೆ ಮಾತ್ರ ಬಿಟ್ಟುಕೊಟ್ಟ ರಸವಾದ್ದರಿಂದ ತಿಳಿಯಾಗಿ, ಸೌಮ್ಯವಾಗಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬದಲಾಗಿಬಿಡುತ್ತದೆ, ಬೆಳಗ್ಗೆಯೇ ಹೋಗಬೇಕು.

ಭಟ್ಟಿಗೆ ಹೋಗುವ ರಸಕ್ಕೆ ಯೀಸ್ಟ್ ಹಾಕುವ ಪದ್ಧತಿಯಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ಹಳೆಯ ಮಡಕೆಯ ಗೋಡೆಯಲ್ಲಿ ಇರುವುದೇ ಸಾಕು. ರಸ ಕೆಲವು ದಿನ ನೊರೆಯೆದ್ದು ಸದ್ದು ಮಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಆ ಸದ್ದು ನಿಂತದ್ದನ್ನು ಕಿವಿಯಿಂದಲೇ ತಿಳಿಯುವವರು ಇದ್ದಾರೆ. ಬಳಿಕ ಭಾಣ್ ಎಂಬ ಹಂಡೆಗೆ ತುಂಬಿ, ಬಾಯಿಗೆ ಹುತ್ತದ ಮಣ್ಣು ಮೆತ್ತಿ, ಕೆಳಗೆ ಸೌದೆ ಉರಿಸುತ್ತಾರೆ. ಆವಿ ಕೊಳವೆ ಹಿಡಿದು ಲವ್ಣಿ ಎಂಬ ಮಣ್ಣಿನ ಕೊಡಕ್ಕೆ ಬಂದು ತಣಿಯಬೇಕು. ತಣಿಸಲು ಒಬ್ಬರು ಪಕ್ಕದಲ್ಲಿ ಕೂತು ಕೊಡದ ಮೈಮೇಲೆ ನೀರು ಸುರಿಯುತ್ತಲೇ ಇರಬೇಕು. ಈಗ ಹೆಚ್ಚಿನ ಭಟ್ಟಿಗಳಲ್ಲಿ ತಾಮ್ರದ ಹಂಡೆ, ತೊಟ್ಟಿಯ ನೀರಲ್ಲಿ ಮುಳುಗಿದ ಸುರುಳಿ ಕೊಳವೆ ಬಂದಿವೆ, ದುಡಿಮೆ ಹಗುರವಾಗಿದೆ. ಮಣ್ಣಿನ ಲವ್ಣಿಯನ್ನು ಮ್ಯೂಸಿಯಂಗಳಲ್ಲಿ ಉಳಿಸಿಕೊಳ್ಳಬೇಕಾಗಿ ಬಂದದ್ದು ಅದರಿಂದಲೇ. ಮಣ್ಣಿಗೆ ವಾಸನೆ ಹೀರುವ, ಮುಂದಿನ ಸಲಕ್ಕೆ ಅದನ್ನೇ ಹಿಂದಿರುಗಿಸುವ ಗುಣವಿದೆ ಎಂದು ಹಳಬರು ಹೇಳುವುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಉಪ್ಪಿನಕಾಯಿ ಭರಣಿ ತೊಳೆದವರು ಯಾರಾದರೂ ನಂಬಿಯಾರು.

ಮೊದಲ ಇಳಿಕೆಗೆ ಊರಾಕ್ ಎನ್ನುತ್ತಾರೆ, ಮದ್ಯಸಾರ ಸುಮಾರು ನೂರಕ್ಕೆ ಹದಿನೈದು. ಆ ಊರಾಕನ್ನು ಹುದುಗಿದ ಹೊಸ ರಸದ ಜೊತೆ ಸೇರಿಸಿ ಮತ್ತೆ ಭಟ್ಟಿ ಇಳಿಸಿದರೆ ಫೆನ್ನಿ. ಹಿಂದೆ ಇವೆರಡರ ನಡುವೆ ಕಾಜುಲೊ ಎಂಬ ಇನ್ನೊಂದು ಹಂತವಿತ್ತು, ಫೆನ್ನಿ ಮೂರನೆಯ ಇಳಿಕೆಯಾಗಿತ್ತು. ಕಾಜುಲೊ ಈಗ ಅಪರೂಪ. ಕಸುವು ನೋಡಲು ತೆಂಗಿನ ಚಿಪ್ಪಿನಿಂದ ಎತ್ತರಕ್ಕೆ ಹಿಡಿದು ಸುರಿಯುತ್ತಾರೆ. ಮೇಲೇಳುವ ಗುಳ್ಳೆಗಳ ಗಾತ್ರ, ಅವು ಅಂಚಿನಲ್ಲಿ ಮಾಲೆಯಾಗಿ ನಿಲ್ಲುವ ಹೊತ್ತು, ಒಡೆಯುವ ರೀತಿ, ಇಷ್ಟರಿಂದಲೇ ತೀರ್ಪು. ತೇಲುಕಡ್ಡಿಯಿಂದ ಅಳೆಯುವಾಗ ಅಲ್ಲಿನವರು ಗ್ರಾವ್ ಎಂಬ ಹಳೆಯ ಪೋರ್ಚುಗೀಸ್ ಲೆಕ್ಕ ಹೇಳುತ್ತಾರೆ, ಫೆನ್ನಿಗೆ ಹತ್ತೊಂಬತ್ತು, ಇಪ್ಪತ್ತು ಗ್ರಾವ್ ಬಂದರೆ ಮುಖ ಅರಳುತ್ತದೆ. ಬಾಟಲಿಯ ಚೀಟಿಯಲ್ಲಿ ಅದೇ 42.8 ಶೇಕಡಾ.

ಗುಳ್ಳೆ ನೋಡುವ ಈ ಕಣ್ಣನ್ನು ನೆನೆದಾಗ ನನಗೆ ರಷ್ಯಾದವರ ಬೆಂಕಿ ನೆನಪಾಗುತ್ತದೆ. 19ನೆಯ ಶತಮಾನದಲ್ಲಿ ಅಲ್ಲಿ ರೈ ಧಾನ್ಯದಿಂದ ಇಳಿಸಿದ ‘ಪೊಲುಗಾರ್’ ಎಂಬ ಮದ್ಯವನ್ನು ಪಾತ್ರೆಗೆ ಹಾಕಿ ಕಾಯಿಸಿ ಹೊತ್ತಿಸುತ್ತಿದ್ದರು. ಉರಿ ಆರಿದಾಗ ಅಳತೆಯ ಅರ್ಧ ಉಳಿದಿದ್ದರೆ ಸರಿಯಾದ ಸರಕು. ಮದ್ಯಸಾರ ಸುಮಾರು 38 ಶೇಕಡಾ ಇದ್ದಾಗ ಹಾಗಾಗುತ್ತದೆ. ವೋಡ್ಕಾಗೆ 40 ಶೇಕಡಾ ಎಂಬ ಪ್ರಮಾಣವನ್ನು ರಸಾಯನ ವಿಜ್ಞಾನಿ ಮೆಂಡಲೀವ್ ಕಂಡುಹಿಡಿದನೆಂಬ ಕತೆ ಜಗತ್ತಿನಾದ್ಯಂತ ಓಡಾಡುತ್ತಿದೆ. ಆತ 1865ರಲ್ಲಿ ಮದ್ಯಸಾರ ಮತ್ತು ನೀರಿನ ಮಿಶ್ರಣದ ಮೇಲೆ ಪ್ರೌಢಪ್ರಬಂಧ ಬರೆದದ್ದು ನಿಜ. ಆದರೆ ನಲವತ್ತರ ಪ್ರಮಾಣ ರಷ್ಯಾದಲ್ಲಿ 1843ರಲ್ಲೇ ಬಂದಿತ್ತು, ಆಗ ಆತ ಒಂಬತ್ತು ವರ್ಷದ ಹುಡುಗ.

ರಷ್ಯಾದವರೂ ತಮ್ಮ ಮದ್ಯಕ್ಕೆ ಮ್ಯೂಸಿಯಂ ಕಟ್ಟಿದ್ದಾರೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 2001ರಲ್ಲಿ ವೋಡ್ಕಾ ಮ್ಯೂಸಿಯಂ ತೆರೆಯಿತು. ವೋಲ್ಗಾ ದಂಡೆಯ ಉಗ್ಲಿಚ್‌ನಲ್ಲೂ ಒಂದಿದೆ. ವೋಡ್ಕಾದಿಂದ ಜಗತ್ತಿಗೆಲ್ಲ ಹೆಸರಾದ ಪ್ಯೋತರ್ ಸ್ಮಿರ್ನೋವ್ 1831ರಲ್ಲಿ ಹುಟ್ಟಿದ್ದು ಆ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಜೀತದ ರೈತರ ಮನೆಯಲ್ಲಿ. ಅಲ್ಲಿನ ಕಥನದಲ್ಲಿ ಆಳುವವರು ಎಲ್ಲೆಲ್ಲೂ ಬರುತ್ತಾರೆ. ಕುಡುಕರ ಕೊರಳಿಗೆ ತೂಗುಹಾಕಲು ಪೀಟರ್ ದೊರೆ ಎರಕಹೊಯ್ಸಿದನೆನ್ನುವ, ಏಳು ಕಿಲೋ ಹತ್ತಿರದ ಕಬ್ಬಿಣದ ಪದಕ, 1890ರ ದಶಕದ ಸರ್ಕಾರಿ ಏಕಸ್ವಾಮ್ಯ, 1914ರ ಯುದ್ಧಕಾಲದ ಪಾನನಿಷೇಧ, ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ದಿನಕ್ಕೆ ನೂರು ಗ್ರಾಂ ಪಡಿ. ವೋಡ್ಕಾದ ಚರಿತ್ರೆ ರಾಜ್ಯದ ಬೊಕ್ಕಸದ ಚರಿತ್ರೆಯೂ ಹೌದು.

ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಒಂದು ತಂತ್ರ. 1785ರಲ್ಲಿ ಪೀಟರ್ಸ್‌ಬರ್ಗ್‌ನ ಔಷಧತಜ್ಞ ತೋಬಿಯಾಸ್ ಲೋವಿತ್ಸ್, ಇದ್ದಿಲು ದ್ರವದೊಳಗಿನ ಬಣ್ಣ ವಾಸನೆಗಳನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಗಮನಿಸಿದ. ಧಾನ್ಯದ ಮದ್ಯವನ್ನು ಇದ್ದಿಲಿನ ಮೂಲಕ ಹಾಯಿಸಿ ಶುದ್ಧಿ ಮಾಡುವ ದಾರಿ ಅಲ್ಲಿಂದ ತೆರೆಯಿತು. ಮುಂದೆ ಸ್ಮಿರ್ನೋವ್‌ನ ಕಾರ್ಖಾನೆ ಬರ್ಚ್ ಮರದ ಇದ್ದಿಲಿನಿಂದಲೇ ಹೆಸರು ಗಳಿಸಿತು. ಒಂದೊಂದಾಗಿ ಎಲ್ಲವನ್ನೂ ತೆಗೆಯುತ್ತ ಹೋಗಿ, ಕೊನೆಗೆ ನೀರು ಮತ್ತು ಉರಿ ಎರಡೇ ಉಳಿಯುವಂತೆ ಮಾಡುವುದು ವೋಡ್ಕಾದ ಸಾಧನೆ. ಅದಕ್ಕೊಂದು ಚೆಲುವಿದೆ, ನಾನು ಅಲ್ಲಗಳೆಯಲಾರೆ. ಹಿಮಗಟ್ಟುವಷ್ಟು ತಣ್ಣಗಿನ ಕಿರು ಲೋಟ, ಪಕ್ಕದಲ್ಲಿ ಕಪ್ಪು ರೈ ಬ್ರೆಡ್ಡು, ಉಪ್ಪು ಹಾಕಿದ ಸೌತೆ. ರುಚಿಯೆಲ್ಲ ತಟ್ಟೆಯಲ್ಲಿ, ಲೋಟದಲ್ಲಿ ಬರಿಯ ಬಿಸುಪು.

ಫೆನ್ನಿ ಇದಕ್ಕೆ ನೇರ ಎದುರಿನ ದಿಕ್ಕಿಗೆ ನಡೆಯುತ್ತದೆ. ಅದನ್ನು ಇದ್ದಿಲಿನಲ್ಲಿ ಸೋಸಿದರೆ ಏನೂ ಉಳಿಯುವುದಿಲ್ಲ. ಭಟ್ಟಿ ಇಳಿಸುವವನ ಜಾಣ್ಮೆಯಿರುವುದು ಹಣ್ಣಿನ ಗಂಧವನ್ನು ಬೆಂಕಿಯ ಮೂಲಕ ದಾಟಿಸಿ ಈಚೆ ತರುವುದರಲ್ಲಿ. ಗೇರುಹಣ್ಣಿನ ವಾಸನೆಗೆ ಮುಖ್ಯ ಕಾರಣವಾದ ಎಸ್ಟರುಗಳು ಬಲು ಹಗುರ, ಬಿಸಿ ತಾಗಿದೊಡನೆ ಹಾರುವಂಥವು. ಉರಿ ಜೋರಾದರೆ ತಳ ಹಿಡಿದ ವಾಸನೆ, ತಣಿಸುವ ನೀರು ಸಾಲದಿದ್ದರೆ ಗಂಧವೆಲ್ಲ ಗಾಳಿಗೆ. ಸೌದೆಯನ್ನು ಮುಂದೆ ಹಿಂದೆ ಸರಿಸುತ್ತ ಕೂತ ಮುದುಕನ ಕೈಯಲ್ಲಿ ಇಡೀ ಬೇಸಿಗೆಯ ಹಣ್ಣಿನ ಮರ್ಯಾದೆ ಇರುತ್ತದೆ.

ಫೆನ್ನಿಯ ವಾಸನೆ ಕಟು ಎಂದು ದೂರುವವರು ಬಹಳ. ಅದನ್ನು ಮುಚ್ಚಲು ಸಿಹಿ ಸೋಡಾ ಸುರಿಯುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಅವಸರದ್ದು. ಗಿಡ್ಡ ಲೋಟಕ್ಕೆ ಬೆರಳಗಲ ಸುರಿದು ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಮುಂದೆ ನುಗ್ಗುವ ಉರಿವಾಸನೆ ಅಷ್ಟರಲ್ಲಿ ಹೊರಟುಹೋಗಿರುತ್ತದೆ. ಆಮೇಲೆ ಮೂಗನ್ನು ಲೋಟದೊಳಗೆ ತೂರದೆ ಅಂಚಿನ ಮೇಲೆ ಹಾಯಿಸಿದರೆ ಮೊದಲು ಬರುವುದು ಮಾಗಿದ ಅನಾನಸಿನ ನೆನಪು, ಅದರ ಹಿಂದೆ ಹಲಸಿನ ತೊಳೆ, ಅದರ ಹಿಂದೆ ಬಿಸಿಲಲ್ಲಿ ಕಾದ ಒಣ ಎಲೆ. ನಾಲಗೆಯ ಮೇಲೆ ಇಟ್ಟಾಗ ಸಿಹಿ ಇರುವುದಿಲ್ಲ, ಭಟ್ಟಿಯಲ್ಲಿ ಸಕ್ಕರೆ ದಾಟಿ ಬರುವುದಿಲ್ಲ. ಆದರೂ ಸಿಹಿಯ ಭ್ರಮೆಯೊಂದು ಇರುತ್ತದೆ. ಅದು ಪೂರ್ತಿಯಾಗಿ ಮೂಗಿನ ಕೆಲಸ. ನುಂಗಿದ ಮೇಲೆ ಕಾಲು ಗಳಿಗೆಯಾದರೂ ಬಾಯಲ್ಲಿ ಗೇರುಗುಡ್ಡ ಉಳಿಯುತ್ತದೆ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸುವ ಹಳೆಯ ಕ್ರಮವೂ ಇದೆ. ಮದ್ಯಸಾರ ಆರಿಹೋಗಿ ಹಣ್ಣೊಂದೇ ಅಂಗೈಯಲ್ಲಿ ಉಳಿದಿದ್ದರೆ ಸರಿಯಾದ ಮಾಲು.

ತೆಂಗಿನ ಫೆನ್ನಿ ಇನ್ನೊಂದು ಸ್ವಭಾವದ್ದು. ದಕ್ಷಿಣ ಗೋವಾದಲ್ಲಿ ಅದರ ಬಳಕೆ ಹೆಚ್ಚು. ರೆಂದೇರ್ ಎನಿಸಿಕೊಳ್ಳುವ ಕಳ್ಳಿಳಿಸುವವರು ಮರ ಹತ್ತಿ ಹೊಂಬಾಳೆ ಕೊಯ್ದು, ಸೋರೆಬುರುಡೆಯಲ್ಲಿ ಕಳ್ಳು ಇಳಿಸಿ ತಂದರೆ ಅದರಿಂದ ಭಟ್ಟಿ. ಗೇರಿನಂತೆ ಇದು ಎದುರಿಗೆ ಬಂದು ನಿಲ್ಲುವುದಿಲ್ಲ, ಮೆಲ್ಲಗೆ ಬದಿಯಲ್ಲಿ ಬಂದು ಕೂರುತ್ತದೆ. ಎರಡನ್ನೂ ಸವಿಯುವುದಿದ್ದರೆ ತೆಂಗನ್ನೇ ಮೊದಲು ತೆಗೆದುಕೊಳ್ಳಬೇಕು, ಗೇರಿನ ಮೇಲೆ ತೆಂಗು ಕಾಣುವುದೇ ಇಲ್ಲ. ಮನೆಮನೆಗಳಲ್ಲಿ ಜೀರಿಗೆ ಹಾಕಿ, ಶುಂಠಿ ಹಾಕಿ ಇಳಿಸಿದ್ದೂ ಉಂಟು. ಇವೆಲ್ಲವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ದುಧಶಿರಿ. ಅದರಲ್ಲಿ ನೆನೆಸುವುದು ನಮ್ಮ ಸೊಗದೆ ಬೇರನ್ನು, ಮಲೆನಾಡಿನಲ್ಲಿ ಶರಬತ್ತು ಮಾಡುವ ಅದೇ ನಾಮದ ಬೇರು. ಮಳೆ ಬಿದ್ದ ಮಣ್ಣು ಮತ್ತು ವೆನಿಲಾದ ನಡುವಿನ ಆ ಪರಿಮಳ ಗೇರಿನ ಬಿರುಸನ್ನು ಮುಚ್ಚದೆ ಅದಕ್ಕೊಂದು ನೆಲ ಹಾಸುತ್ತದೆ.

ಗೇರು ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2016ರಲ್ಲಿ ಗೋವಾ ಸರ್ಕಾರ ಕಾನೂನು ತಿದ್ದಿ, ನಾಡಸಾರಾಯಿಯ ಪಟ್ಟಿಯಿಂದ ಅದನ್ನು ತೆಗೆದು ಪರಂಪರೆಯ ಪಾನೀಯವೆಂದು ಕರೆಯಿತು. ಪಟ್ಟಿ ಬದಲಾದದ್ದು ಸಣ್ಣ ಸಂಗತಿಯಲ್ಲ. ಗುಡ್ಡದ ತುದಿಯಲ್ಲಿ ಹೊಗೆ ಹೀರುತ್ತ ಕೂತವನ ಕೆಲಸ ಕಸುಬು ಎನಿಸಿಕೊಂಡಿತು, ಹೆಸರು ಹೇಳಿ ಮಾರುವಂತಾಯಿತು. ಗೇರುಮರ ಕರ್ನಾಟಕದ ಗಡಿಯಲ್ಲಿ ನಿಲ್ಲುವುದಿಲ್ಲ. ಕಾರವಾರದಿಂದ ಕಾಸರಗೋಡಿನವರೆಗೆ ಅದೇ ಮರ, ಅದೇ ಜಂಬಿಟ್ಟಿಗೆ, ಅದೇ ಏಪ್ರಿಲ್ ಬಿಸಿಲು. ಹಣ್ಣಿನ ತೂಕ ಬೀಜದ ಐದಾರು ಪಟ್ಟಿಗೂ ಹೆಚ್ಚು, ನಾವು ಬೀಜ ತಿರುಚಿಕೊಂಡು ಉಳಿದದ್ದನ್ನು ಮರದ ಬುಡಕ್ಕೇ ಎಸೆಯುತ್ತೇವೆ.

ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ಮಾರಾಟವೇ ನಿಂತಿದೆ. ಪ್ಲಾಸ್ಟಿಕ್ ಪೊಟ್ಟಣದ ಆ ಸಾರಾಯಿ ಎಷ್ಟು ಮನೆಗಳ ಒಲೆ ಆರಿಸಿತ್ತೆಂದು ಬಲ್ಲವರು ಆ ನಿರ್ಧಾರವನ್ನು ಹಗುರವಾಗಿ ಕಾಣಲಾರರು, ನಾನೂ ಕಾಣುವುದಿಲ್ಲ. ಆದರೆ ಆ ಪೊಟ್ಟಣದಲ್ಲಿ ಯಾವ ಗುಡ್ಡವೂ ಇರಲಿಲ್ಲ, ಯಾವ ಋತುವೂ ಇರಲಿಲ್ಲ. ವರ್ಷಕ್ಕೆ ಮೂರು ತಿಂಗಳು ಮಾತ್ರ ಬಿದ್ದ ಹಣ್ಣಿನಿಂದ ಇಳಿಸುವ ಪಾನೀಯವನ್ನು ಅದರ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿಬಿಡುವುದು ನನಗೆ ಒಪ್ಪಿಗೆಯಿಲ್ಲ. ನೆರೆಯ ಕೇರಳದಲ್ಲಿ, ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕೊಂದು ಗೇರುಹಣ್ಣಿನಿಂದ ಫೆನ್ನಿ ಮಾಡಲು ಸರ್ಕಾರದ ಒಪ್ಪಿಗೆ ಪಡೆದಿದೆ. ನಮ್ಮ ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ 1986ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರವಿದೆ, ಹಣ್ಣಿನ ರಸ, ಜ್ಯಾಮು, ಉಪ್ಪಿನಕಾಯಿಗಳ ಪ್ರಯೋಗ ಅಲ್ಲಿ ನಡೆದಿದೆ. ಮದ್ಯ ಬೇಡವೆನ್ನುವುದಾದರೆ ನೀರೊ ಒಂದನ್ನಾದರೂ ನಮ್ಮ ಕರಾವಳಿಯ ಬೆಳಗಿನ ಅಂಗಡಿಗಳಿಗೆ ತರಬೇಕು. ಬೊಂಡ ಮಾರುವ ತಳ್ಳುಗಾಡಿಯ ಪಕ್ಕ ಅದಕ್ಕೂ ಜಾಗವಿದೆ.

ಗಾಜು, ಮಣ್ಣು, ತಾಮ್ರ ಇವನ್ನು ಮ್ಯೂಸಿಯಂ ಉಳಿಸಬಲ್ಲದು. ಊರಾಕನ್ನು ಉಳಿಸಲು ಅದಕ್ಕೂ ಆಗುವುದಿಲ್ಲ. ಕಸುವು ಕಡಿಮೆಯಾದ್ದರಿಂದ ಅದು ಬಹುಕಾಲ ಇರುವುದಿಲ್ಲ, ಹಂಗಾಮಿನಲ್ಲೇ ಕುಡಿದು ಮುಗಿಸಬೇಕು. ನಿಂಬೆಯ ಸೋಡಾ, ಒಂದು ಚಿಟಿಕೆ ಉಪ್ಪು, ಉದ್ದಕ್ಕೆ ಸೀಳಿದ ಹಸಿಮೆಣಸು ಹಾಕಿ ಮಧ್ಯಾಹ್ನದ ಬಿಸಿಲಿಗೆ ಕುಡಿಯುವುದು ಗೋವಾದ ರೂಢಿ. ಇಲ್ಲಿ ಸೋಡಾಕ್ಕೆ ನನ್ನ ತಕರಾರಿಲ್ಲ, ಊರಾಕ್ ಹರೆಯದ್ದು, ಗೆಳೆಯರನ್ನು ಬಯಸುತ್ತದೆ. ಕ್ಯಾಂಡೋಲಿಮ್‌ಗೆ ಹೋಗುವವರು ಏಪ್ರಿಲ್‌ನಲ್ಲೇ ಹೋಗಲಿ. ಮೊದಲು ಒಳನಾಡಿನ ಸತ್ತರಿಯ ಕಡೆ ತಿರುಗಿ, ಬೆಳಗ್ಗೆ ಕೊಳಂಬಿಯ ಬಳಿ ನೀರೊ ಕುಡಿದು, ಭಟ್ಟಿಯ ಹೊಗೆ ಬಟ್ಟೆಗೆ ಹತ್ತಿಸಿಕೊಂಡು, ಆಮೇಲೆ ಮ್ಯೂಸಿಯಂಗೆ ಬರಲಿ. ಆಗ ಆ ಮಡಕೆಗಳ ಮುಂದೆ ನಿಂತವರಿಗೆ ಯಾವುದು ಯಾತಕ್ಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಏಪ್ರಿಲ್ ತಪ್ಪಿದರೆ ಜೂನ್ 24 ಇದೆ. ಅಂದು ಸಾಂವ್ ಜುವಾಂವ್ ಹಬ್ಬ. ತಲೆಗೆ ಹೂವು ಬಳ್ಳಿಯ ಕಿರೀಟ ಕಟ್ಟಿಕೊಂಡ ಗಂಡಸರು ತುಂಬಿದ ಬಾವಿಗೆ ಧುಮುಕುತ್ತಾರೆ, ಆ ವರ್ಷದ ಹೊಸ ಫೆನ್ನಿ ಮನೆಯಿಂದ ಮನೆಗೆ ಹೋಗುತ್ತದೆ.